ಕಾರಿನ ಕಿಟಕಿಗೆ ಕೊಟ್ಟ ಕಂಬಳಿ

ನಾನು ಚಿಕ್ಕವಳಿದ್ದಾಗ ನಮ್ಮ ನಾರಾಯಣಪೇಟೆಯಲ್ಲಿ ಮೋಟಾರು ಬಂದರೆ ಎತ್ತುಗಳು ಬೆದರುತ್ತಿದ್ದವು, ನಾಯಿಗಳು ಅದರ ಬೆನ್ನು ಹತ್ತುತ್ತಿದ್ದವು, ನಾವು ಮಕ್ಕಳು ನಾಯಿಗಳ ಬೆನ್ನು ಹತ್ತುತ್ತಿದ್ದೆವು. ಆಗ ನಿಜಾಮರ ರಾಜ್ಯ. ನಮ್ಮದು ಕುರಿ ಕಾಯುವ, ಕಂಬಳಿ ನೇಯುವ ಮನೆತನ. ಅಪ್ಪ ಒಬ್ಬನೇ ಕುರಿ ಬಿಟ್ಟು ಮೋಟಾರು ಹಿಡಿದವನು. ಊರಿನ ಸೀರೆ ಸಾಹುಕಾರರ ಕಾರು ಓಡಿಸುತ್ತಿದ್ದ, ಅದು ಕೆಟ್ಟರೆ ತಾನೇ ರಿಪೇರಿ ಮಾಡುತ್ತಿದ್ದ. ಆ ಕಾರಿಗೆ ಆಗಲೇ ವಯಸ್ಸಾಗಿತ್ತು. ಆದರೂ ಅಪ್ಪ ಅದನ್ನು ಒರೆಸುವುದನ್ನು ನೋಡಿದರೆ ಹೊಸ ಸೊಸೆಗೆ ಅರಿಶಿನ ಹಚ್ಚುತ್ತಿದ್ದಾನೇನೋ ಅನ್ನಿಸುತ್ತಿತ್ತು.

ಅಕ್ಕ ಬಾಣಂತನಕ್ಕೆ ಬಂದವಳು ಕೂಸನ್ನು ಎತ್ತಿಕೊಂಡು ಮಕ್ತಲ್‌ನ ಗಂಡನ ಮನೆಗೆ ಹೊರಡುವ ದಿನ ಅದು. ಬಂಡಿಯಲ್ಲಿ ಹೋದರೆ ಇಡೀ ಹಗಲು ಬಿಸಿಲು, ದೂಳು. ಅದಕ್ಕೆ ಸಾಹುಕಾರರು ಕಾರು ಕೊಟ್ಟಿದ್ದರು. ಆದರೆ ಅಪ್ಪ ಅದರ ಹಿಂದಿನ ಎರಡು ಬಾಗಿಲುಗಳ ಕಿಟಕಿ ಚೌಕಟ್ಟು ಬಿಚ್ಚಿ, ತುಕ್ಕು ಉಜ್ಜಿ, ಬಣ್ಣ ಬಳಿದು ಒಣಗಲು ಇಟ್ಟಿದ್ದ. ಹೊರಗೆ ಗಾಳಿ ಶುರುವಾಗಿತ್ತು. ಮಣ್ಣೆತ್ತಿನ ಅಮಾವಾಸ್ಯೆ ಹತ್ತಿರ ಬಂದಿತ್ತು, ಅದು ದಾಟಿದರೆ ಆಷಾಢ. ಆಷಾಢದಲ್ಲಿ ನಮ್ಮಲ್ಲಿ ಹೆಣ್ಣುಮಕ್ಕಳನ್ನು ಗಂಡನ ಮನೆಗೆ ಕಳಿಸುತ್ತಿರಲಿಲ್ಲ.

ಅಜ್ಜಿ ಬೆಳಿಗ್ಗೆಯೇ ಕಡ್ಡಿ ಮುರಿದಂತೆ ಹೇಳಿಬಿಟ್ಟಳು. "ಕಿಟಕ್ಯಾಗ ಗಾಳಿ ಬರಾಕತ್ತಿದ್ರ ನನ್ನ ಕೂಸು ಹೊಸ್ತಿಲ ದಾಟಂಗಿಲ್ಲ. ಆಷಾಢ ಕಳದ ಮ್ಯಾಲ ಹೋಗ್ಲಿ."

ನನಗೆ ಹಾಲು ಕುಡಿದಷ್ಟು ಸಂತೋಷವಾಯಿತು. ಅಕ್ಕ ಇನ್ನೂ ಒಂದು ತಿಂಗಳು ನನ್ನ ಪಕ್ಕದಲ್ಲಿ ಮಲಗುತ್ತಾಳೆ! ನಾನು ಕಾರಿನ ಪಕ್ಕದಲ್ಲೇ ಕುಕ್ಕರುಗಾಲಲ್ಲಿ ಕೂತು, ಅಪ್ಪನ ಕೆಲಸ ಕೆಡಲಿ ಎಂದು ಬೀರಪ್ಪ ದೇವರಿಗೆ ಕೈಮುಗಿಯುತ್ತಿದ್ದೆ.

ಆಗಿನ ಕಾರುಗಳ ಬಾಗಿಲಿಗೆ ಒಳಗೆ ಮರದ ಕಟ್ಟು ಇರುತ್ತಿತ್ತು. ಅಪ್ಪ ಚೌಕಟ್ಟನ್ನು ಅದಕ್ಕೆ ಕೂರಿಸಿ, ಪೇಚ್‌ಕಸ್ಸಿನಿಂದ ಒಂದೊಂದೇ ತಿರುಪು ಬಿಗಿದ. ಹಸಿ ಬಣ್ಣದ ವಾಸನೆ, ಎಣ್ಣೆಯ ವಾಸನೆ, ಒಲೆಯ ಮೇಲೆ ಕುದಿಯುತ್ತಿದ್ದ ಅಂಟಿನ ಕೆಟ್ಟ ನಾತ, ಎಲ್ಲ ಸೇರಿ ಮೂಗು ಕಟ್ಟುತ್ತಿತ್ತು. ಹಿಡಿಕೆ ತಿರುವಿ ಗಾಜು ಏರಿಸಿದ. ಬಾಗಿಲು ಬಡಿದರೆ ಗಾಜು ಗಡಗಡ ಅಂದಿತು. ಚೌಕಟ್ಟಿನ ಸಂದಿಯಲ್ಲಿ ಗಾಜಿಗೆ ಆಸರೆಯಾಗಿದ್ದ ಉಣ್ಣೆಯ ಪಟ್ಟಿಯನ್ನು ನುಸಿ ತಿಂದು ಮುಗಿಸಿತ್ತು. ಬೆರಳು ತೂರುವಷ್ಟು ಸಂದು, ಅದರಿಂದ ಸುಯ್ ಎಂದು ಗಾಳಿ.

ಉಣ್ಣೆಗೆ ನಮ್ಮ ಮನೆಯಲ್ಲಿ ಬರವೇ? ಅಪ್ಪ ಮಗ್ಗದಿಂದ ಆಗಷ್ಟೇ ಇಳಿದ ಹೊಸ ಕಂಬಳಿಯಿಂದ ಪಟ್ಟಿ ಕತ್ತರಿಸಿ ಸಂದಿಗೆ ತುರುಕಿದ. ಹೊಸ ಕಂಬಳಿಗೆ ನಮ್ಮವರು ಹುಣಸೆಬೀಜದ ಗಂಜಿ ತಿಕ್ಕುತ್ತಾರೆ. ಒಣಗಿದರೆ ಅದು ಗೋಡೆಗೆ ನಿಲ್ಲಿಸಿದರೂ ನಿಲ್ಲುವಷ್ಟು ಗಟ್ಟಿ. ಮೋಟಾರಿನ ಗುಂಗಿನಲ್ಲಿ ಅಪ್ಪ ಅದನ್ನೇ ಮರೆತಿದ್ದ. ಗಾಜು ಅರ್ಧಕ್ಕೆ ಏರಿ ಸಿಕ್ಕಿಕೊಂಡಿತು. ಮೇಲಕ್ಕೂ ಇಲ್ಲ, ಕೆಳಕ್ಕೂ ಇಲ್ಲ.

"ಕುರುಬರ ಮಗ ಆಗಿ ಹೊಸಾ ಕಂಬಳಿ ಹ್ಯಾಂಗಿರತೈತಿ ಗೊತ್ತಿಲ್ಲೇನು?" ಎಂದು ಅಜ್ಜಿ ನಕ್ಕಳು. ಅಪ್ಪನೂ ನಕ್ಕ. ಪಟ್ಟಿಯನ್ನು ಕಿತ್ತುಹಾಕಿ, "ಹಳೇದ ಬೇಕು. ಹೊದ್ದು ಹೊದ್ದು ಮೆತ್ತಗಾಗಿದ್ದು," ಅಂದ.

ಮನೆಯಲ್ಲಿ ಅಂಥದ್ದು ಇದ್ದದ್ದು ಒಂದೇ. ನಾನೂ ಅಕ್ಕನೂ ಹೊದೆಯುತ್ತಿದ್ದ ಕರಿ ಕಂಬಳಿ. ಅದಕ್ಕೆ ಅಕ್ಕನ ಕಡೆ, ನನ್ನ ಕಡೆ ಅಂತ ಇತ್ತು. ಅಕ್ಕ ಮದುವೆಯಾಗಿ ಹೋದ ಮೇಲೆ ಅವಳ ಕಡೆಯನ್ನು ಮೂಗಿಗೆ ಹಿಡಿದುಕೊಂಡು ಮಲಗುತ್ತಿದ್ದೆ. ಎಲ್ಲರೂ ನನ್ನ ಮುಖ ನೋಡಿದರು. ನಾನು ನೆಲ ನೋಡಿದೆ.

"ಅದು ತಂಗೀದು, ಇರ್ಲಿ ಬಿಡಪ್ಪ. ನಾ ಆಷಾಢ ಕಳದ ಮ್ಯಾಲ ಹೋಗ್ತೀನಿ," ಅಂದಳು ಅಕ್ಕ. ನಗುತ್ತಲೇ ಅಂದಳು. ಆದರೆ ಮುಂಜಾನೆಯೇ ಬಿಗಿದು ಕಟ್ಟಿದ್ದ ಬಟ್ಟೆಗಂಟಿನ ಮೇಲಿಂದ ಅವಳ ಕೈ ಎದ್ದಿರಲಿಲ್ಲ. ಭಾವ ಕೂಸಿನ ಮುಖ ನೋಡಿದ್ದು ಹೆಸರಿಡುವ ದಿನ ಮಾತ್ರ. ಅಕ್ಕ ಹೋಗಲು ಎಷ್ಟು ಹಂಬಲಿಸುತ್ತಿದ್ದಾಳೆ ಅನ್ನುವುದು ನನಗೆ ಆ ಕೈ ನೋಡಿ ತಿಳಿಯಿತು. ಅಳು ಬಂತು. ಒಳಗೆ ಓಡಿ ಕಂಬಳಿ ತಂದು ಅಪ್ಪನ ಮುಂದೆ ಹಾಕಿದೆ.

"ಅಕ್ಕನ ಕಡೇದು ಕತ್ತರಸು," ಅಂದೆ. "ನನ್ನ ಕಡೇದು ಮುಟ್ಟಬ್ಯಾಡ."

ನಮ್ಮವರಿಗೆ ಕಂಬಳಿ ದೇವರ ಸಮಾನ. ಅಜ್ಜಿ ಅದನ್ನು ಕಣ್ಣಿಗೊತ್ತಿಕೊಂಡು, "ಸಿಟ್ಟಾಗಬ್ಯಾಡಪ್ಪ ಬೀರಪ್ಪ," ಎಂದು ಹೇಳಿ ಕತ್ತರಿ ಕೊಟ್ಟಳು. ಅಪ್ಪ ಉದ್ದುದ್ದ ಪಟ್ಟಿ ತೆಗೆದು, ಅಂಟು ಸವರಿ, ಸಂದಿಯಲ್ಲಿ ಒತ್ತಿ ಕೂರಿಸಿದ. ಅಂಟು ಆರುವವರೆಗೆ ಎಲ್ಲರೂ ಬೇವಿನ ನೆರಳಲ್ಲಿ ಕೂತು ರೊಟ್ಟಿ ತಿಂದೆವು.

ಆಮೇಲೆ ಅಜ್ಜಿಯ ಪರೀಕ್ಷೆ. ಹುಟ್ಟಿದಾಗಿನಿಂದ ಕಾರು ಹತ್ತದ ಅಜ್ಜಿ ಚಪ್ಪಲಿ ಹೊರಗೆ ಬಿಟ್ಟು ಒಳಗೆ ಕೂತಳು. ಅಪ್ಪ ಗಾಜು ಏರಿಸಿದ. ಅದು ಸದ್ದಿಲ್ಲದೆ ಏರಿತು. ಅಜ್ಜಿ ಚಿಟಿಕೆ ಬಿಡಿ ಉಣ್ಣೆಯನ್ನು ಸಂದಿಯ ಸುತ್ತ ಹಿಡಿದು ನೋಡಿದಳು. ಹೊರಗೆ ಅಕ್ಕನ ಸೆರಗು, ನನ್ನ ಲಂಗ ಗಾಳಿಗೆ ಪಟಪಟ ಬಡಿದುಕೊಳ್ಳುತ್ತಿದ್ದವು. ಒಳಗೆ ಉಣ್ಣೆಯ ಒಂದು ಎಳೆಯೂ ಅಲುಗಲಿಲ್ಲ. ಅಜ್ಜಿ ಗಾಜಿನ ಹಿಂದಿನಿಂದ ಆಗಲಿ ಎಂಬಂತೆ ತಲೆಯಾಡಿಸಿದಳು.

ಅಕ್ಕ ಕೂಸಿನೊಂದಿಗೆ ಕೂತಳು. ಕಿಟಕಿ ಮುಚ್ಚಿತು. ಅವಳು ನನ್ನನ್ನು ನೋಡಿ ಏನೋ ಹೇಳಿದಳು. ತುಟಿ ಅಲುಗಿತು, ಮಾತು ಕೇಳಲಿಲ್ಲ. ನನ್ನ ಕಂಬಳಿ ಅಷ್ಟು ಚೆನ್ನಾಗಿ ಕೂತಿತ್ತು! ಅಕ್ಕ ಆ ಕರಿ ಪಟ್ಟಿಯ ಮೇಲೆ ಬೆರಳಾಡಿಸಿದಳು. ಕೂಸಿನ ಅಂಗೈ ಹಿಡಿದು ಗಾಜಿಗೆ ಒತ್ತಿದಳು. ನಾನು ಹೊರಗಿನಿಂದ ಅಲ್ಲೇ ಕೈ ಇಟ್ಟೆ. ಗಾಜು ತಣ್ಣಗಿತ್ತು. ಕಾರು ಮಕ್ತಲ್ ದಾರಿ ಹಿಡಿಯಿತು. ಉಳಿದ ಕಂಬಳಿ ಆಮೇಲೆ ಒಬ್ಬರಿಗೆ ಮಾತ್ರ ಸಾಲುವಷ್ಟಾಯಿತು.

ಈಗ ನೀವು ರಜೆಗೆ ಬರುವ ಕಾರಿನಲ್ಲಿ ಗುಂಡಿ ಒತ್ತಿದರೆ ಗಾಜು ತಾನೇ ಏರುತ್ತದೆ. ಯಾರೂ ಕಂಬಳಿ ಕತ್ತರಿಸಬೇಕಿಲ್ಲ. ದೂಳಿಲ್ಲ, ಬಿಸಿಲಿಲ್ಲ, ಒಳಗೆ ತಂಪು. ಒಳ್ಳೆಯದೇ ಆಯಿತು ಮಕ್ಕಳೇ. ಅಕ್ಕ ಅವತ್ತು ಏನು ಹೇಳಿದಳೆಂದು ಮುಂದಿನ ಸಲ ಬಂದಾಗ ಕೇಳಿದೆ. ಅವಳಿಗೇ ನೆನಪಿರಲಿಲ್ಲ. ನನಗೆ ಇವತ್ತಿಗೂ ಅದನ್ನು ಕೇಳಬೇಕು ಅನ್ನಿಸುತ್ತದೆ.

ಅದಕ್ಕೇ ಹೇಳುತ್ತೇನೆ, ಈ ಸಲ ಹೊರಡುವಾಗ ಒಳಗಿನಿಂದ ಬರೀ ಕೈ ಬೀಸಬೇಡಿ. ಗಾಳಿ ಬಂದರೆ ಬರಲಿ, ಬೀದಿಯ ತಿರುವಿನವರೆಗೆ ಗಾಜು ಇಳಿಸಿ ಈ ನಿಮ್ಮ ಅಜ್ಜಿಯನ್ನು ಜೋರಾಗಿ ಕೂಗಿ.