ಗುರುಸಿದ್ದಪ್ಪನ ಸೊಂಟದ ಪಿಸ್ತೂಲು

ಅಮೆರಿಕದ ಅಲ್ಫರೆಟಾದ ಗುರುಸಿದ್ದಪ್ಪ ಜಿರಳೆ ಕಂಡರೆ ಕುರ್ಚಿ ಹತ್ತುವ ಗಂಡಸು. ಮೂವತ್ತು ವರ್ಷ ಕಂಪ್ಯೂಟರ್ ಮುಂದೆ ಕೂತು ಹೊಟ್ಟೆ ಬೆಳೆಸಿದವನಿಗೆ ಐವತ್ತೆಂಟರಲ್ಲಿ ಅದೆಲ್ಲಿಂದ ಶೌರ್ಯ ಉಕ್ಕಿತೋ, ದೊಡ್ಡದೊಂದು ಮೋಟಾರ್‌ಸೈಕಲ್ ಕೊಂಡ. ಒಮ್ಮೆ ಪೆಟ್ರೋಲು ಹಾಕಿಸುವಾಗ ಗ್ಯಾಸ್ ಸ್ಟೇಷನ್ನಿನಲ್ಲಿ ಯಾರೋ ದಿಟ್ಟಿಸಿ ನೋಡಿದರಂತೆ. ಮರುವಾರವೇ ಪಿಸ್ತೂಲೂ ಬಂತು. ಗಾಡಿ ಹತ್ತುವ ಮುನ್ನ ಅದನ್ನು ಬೆನ್ನ ಹಿಂದೆ ಪ್ಯಾಂಟಿನೊಳಗೆ ಸಿಕ್ಕಿಸಿ, ಮೇಲೆ ಜಾಕೆಟ್ ಎಳೆದು, ಕನ್ನಡಿಯ ಮುಂದೆ ನಾಲ್ಕು ಸಲ ತಿರುಗುವನು.

"ಕಾಣತ್ತೇನೇ?"

"ಹೊಟ್ಟೆ ಕಾಣತ್ತೆ" ಎನ್ನುವಳು ಹೆಂಡತಿ ಪ್ರತಿಭಾ.

ಇವನ ಶೌರ್ಯಕ್ಕಿಷ್ಟು ಬೆಂಕಿ ಹಾಕ! ಪ್ರತಿಭಾಗೆ ಬೇಕಾಗಿದ್ದುದು ಒಂದೇ. ಮಾರಿಸ್‌ವಿಲ್‌ನಲ್ಲಿರುವ ಮಗಳು ನಮ್ರತಾ ಕೆಲಸಕ್ಕೆ ಮರಳಿದಾಗ ಮೊಮ್ಮಗಳನ್ನು ತಾನು ಸಾಕಬೇಕು. ಇಲ್ಲೇ ಹುಟ್ಟಿ ಬೆಳೆದ ನಮ್ರತಾ ಖಡಾಖಂಡಿತವಾಗಿ ಹೇಳಿದ್ದಳು: "ಅಮ್ಮ, ಬೇಬಿನ ನೀನೇ ನೋಡ್ಕೋ, ಐ ವುಡ್ ಲವ್ ದಟ್. ಬಟ್ ನೋ ಗನ್. ಅಪ್ಪ ಅದು ಸೆಲ್ ಮಾಡ್ಬೇಕು."

ಗುರುಸಿದ್ದಪ್ಪ ಹೂಂ ಎಂದ, ಮಾರಲಿಲ್ಲ. ತಿಂಗಳು ಕಾದು ಪ್ರತಿಭಾಳೇ ಫೋನಿನಲ್ಲಿ, "ಮಾರಿಬಿಟ್ರು ಕಣೇ" ಎಂದುಬಿಟ್ಟಳು. ಕೂಸಿನ ಆಸೆ ಅವಳಿಂದ ಸುಳ್ಳು ಹೇಳಿಸಿತು.

ಹೆಸರಿಡುವ ದಿನ ಈ ಮಹಾಶಯ ಮಾರಿಸ್‌ವಿಲ್‌ಗೂ ಬೈಕಿನಲ್ಲೇ ಹೊರಟ. ತೊಟ್ಟಿಲ ಸೀರೆ, ಉಂಡಿ, ಅವನ ಬಿಪಿ ಮಾತ್ರೆ ಎಲ್ಲ ಹೊತ್ತು ಪ್ರತಿಭಾ ಆರು ತಾಸು ಕಾರಿನಲ್ಲಿ ಅವನ ಹಿಂದೆ.

"ಮಗಳ ಮನೆಗೂ ಆ ಪಿಸ್ತೂಲ್ ಯಾಕ್ರೀ?"

"ಹೈವೇಲಿ ಏನಾದ್ರೂ ಆದ್ರೆ? ಅಲ್ಲಿ ಹೋದ್ಮೇಲೆ ಬೈಕ್ ಬಾಕ್ಸಲ್ಲಿ ಲಾಕ್ ಮಾಡ್ತೀನಿ."

ಮಾಡಿದನೇ? ಪಾರ್ಕಿಂಗಿನಲ್ಲಿ ನಾಲ್ಕು ಜನ ಬೈಕ್ ಸುತ್ತ ನಿಂತು ವಾವ್ ಎಂದರು. ಅಷ್ಟಕ್ಕೇ ಹಿಗ್ಗಿ ಎಲ್ಲ ಮರೆತು ನೇರ ಒಳಗೆ ನಡೆದ.

ತೊಟ್ಟಿಲ ಪಕ್ಕ ಅಳಿಯ ಪವನನ ಅಜ್ಜಿ ಬಸವ್ವ ಕೂತಿದ್ದರು. ಎಂಬತ್ನಾಲ್ಕರ ಮುದುಕಿ, ಬಾಗಲಕೋಟೆಯಿಂದ ಮರಿಮಗಳನ್ನು ನೋಡಲು ಬಂದವರು. ಉಳಿದವರೆಲ್ಲ ಬಗ್ಗಿ ಕಾಲು ಮುಟ್ಟಿದರು. ಇಪ್ಪತ್ತು ಜನ ನೋಡುತ್ತಿರುವಾಗ ಗುರುಸಿದ್ದಪ್ಪನಿಗೆ ಅಷ್ಟು ಸಾಕೇ? ಜಾಕೆಟ್ ಕಳಚಿ ಕಾರ್ಪೆಟ್ಟಿನ ಮೇಲೆ ಉದ್ದಕ್ಕೆ ಅಡ್ಡಬಿದ್ದ. ಅಂಗಿ ಮೇಲೆ ಸರಿಯಿತು. ಹರಸಲೆಂದು ಬಗ್ಗಿ ಬೆನ್ನು ಸವರಿದ ಬಸವ್ವನ ಕೈಗೆ ಪಿಸ್ತೂಲಿನ ಹಿಡಿಕೆ ತಾಕಿತು.

"ಬೆನ್ನಾಗ ಏನಪಾ ಇದು, ಕಬ್ಬಿಣ ಇದ್ದಂಗದಲ್ಲ?"

ಸೋಬಾನೆ ಹಾಡು ಅರ್ಧಕ್ಕೇ ನಿಂತಿತು.

"ಸೇಫ್ಟಿ ಆನ್ ಇದೆ, ಗುಂಡು ಹಾರಲ್ಲ" ಎಂದ, ಮಲಗಿದಲ್ಲಿಂದಲೇ.

ನಮ್ರತಾ ಅಪ್ಪನ ಕಡೆ ತಿರುಗಿಯೂ ನೋಡಲಿಲ್ಲ. "ಅಮ್ಮ, ನಿಂಗೆ ಗೊತ್ತಿತ್ತಾ?"

"ಗೊತ್ತಿತ್ತು."

ಮಗಳು ಪ್ರತಿಭಾಳ ಮಡಿಲಲ್ಲಿದ್ದ ಕೂಸನ್ನು ಎತ್ತಿಕೊಂಡಳು. "ನಾನು ಡೇಕೇರ್ ಹುಡುಕ್ತೀನಿ" ಎಂದು ಮಹಡಿ ಹತ್ತಿ ಬಾಗಿಲು ಹಾಕಿಕೊಂಡಳು.

ಪ್ರತಿಭಾ ಹೊರಗೆ ಬಂದು ಮಾತ್ರೆಯ ಚೀಲವನ್ನು ಬೈಕಿನ ಸೀಟಿನ ಮೇಲೆ ಇಟ್ಟಳು. "ಹೊರಡಿ."

"ನೀನು?"

"ಬರಲ್ಲ."

"ಅಷ್ಟು ದೂರ ಒಬ್ನೇ ಹೋಗ್ಲೇನೇ?" ಅವನು ಅವಳ ತೋಳು ಹಿಡಿದುಕೊಂಡ. ಥೂ!

"ಒಬ್ರೇ ಎಲ್ಲಿ? ಬೆನ್ನಿಗೆ ಅದಿದೆಯಲ್ಲ."

ಅವಳು ಒಳಗೆ ಹೋಗಿ, ಮಗಳ ಕೋಣೆಯ ಮುಂದಿನ ಮೆಟ್ಟಿಲ ಮೇಲೆ ಕೂತಳು. ಒಳಗೆ ಕೂಸು ಅಳುತ್ತಿತ್ತು. ಕೊಡು ಎಂದು ಕೇಳುವ ಬಾಯಿ ಅವಳಿಗಿರಲಿಲ್ಲ.