ವ್ಯಾನಿನ ಬಿಸಿ ಎಲ್ಲಿ ಹೋಯಿತು

"ಆಯುಧಪೂಜೆ ಆದ್ಮೇಲೇನೇ ಶುರುವಾಗಿದ್ದು. ಯಾರ್ದೋ ಕಣ್ಣು ಬಿದ್ದಿದೆ," ಎಂದು ಚಿಕ್ಕಮ್ಮ ತೀರ್ಪು ಕೊಟ್ಟಾಗ ನಾನು ಕಾಫಿ ಲೋಟ ಕೆಳಗಿಟ್ಟೆ. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಪಳಗಿದವಳಿಗೆ ಇಂಥ ಮಾತು ಕೇಳಿಸಿಕೊಂಡು ಸುಮ್ಮನಿರುವುದು ಆಗದ ಕೆಲಸ.

"ಒಂದಾದ್ಮೇಲೆ ಇನ್ನೊಂದು ಆಯ್ತು ಅಂದ್ರೆ ಅದರಿಂದಾನೇ ಆಯ್ತು ಅಂತಲ್ಲ ಚಿಕ್ಕಮ್ಮಾ. ಪೂಜೆ ಆದ್ಮೇಲೆ ನಮ್ಮ ರಸ್ತೆಗೆ ಡಾಂಬರೂ ಬಿತ್ತು. ಅದಕ್ಕೂ ಕಣ್ಣೇ ಕಾರಣಾನಾ?"

"ಅದಕ್ಕೆ ಎಲೆಕ್ಷನ್ ಕಾರಣ. ಇದಕ್ಕೆ ಕಣ್ಣು."

ವಿಷಯ ವ್ಯಾನಿನದು. ಅಬ್ಬಿಗೆರೆಯ ಮನೆಯ ಪಕ್ಕದ ಶೆಡ್ಡಿನಿಂದ ಚಿಕ್ಕಮ್ಮ ಕಾರ್ಪೆಟ್ ತೊಳೆಯುವ ವ್ಯವಹಾರ ನಡೆಸುತ್ತಾರೆ. ಚಿಕ್ಕಪ್ಪ ವ್ಯಾನ್ ಓಡಿಸಿ ಯಂತ್ರ ನೋಡಿಕೊಳ್ಳುತ್ತಾರೆ. ರಜೆಯ ದಿನಗಳಲ್ಲಿ ನಾನು ಪೈಪ್ ಎಳೆಯುತ್ತೇನೆ, ಮಾತು ಬೆಳೆಸುತ್ತೇನೆ. ಎಂಜಿನ್ನಿನ ಬಿಸಿ ಹೊಗೆ ಡ್ರೈವರ್ ಸೀಟಿನ ಹಿಂದಿನ ಕೊಳವೆಯ ಮೂಲಕ ಒಂದು ಪೆಟ್ಟಿಗೆಗೆ ಹೋಗಿ, ಅಲ್ಲಿ ಹರಿಯುವ ನೀರನ್ನು ಕಾಯಿಸುತ್ತದೆ. ಆ ನೀರನ್ನು ಉದ್ದನೆಯ ಪೈಪಿನಲ್ಲಿ ಒಳಗೊಯ್ದು ಕಾರ್ಪೆಟ್ಟಿಗೆ ಎರಚಿ, ಕೊಳೆಯ ಸಮೇತ ಹಿಂದಕ್ಕೆ ಎಳೆದುಕೊಳ್ಳುತ್ತೇವೆ. ನೀರು ಕೈ ಸುಡುವಷ್ಟು ಬಿಸಿಯಿದ್ದರೆ ಕಾರ್ಪೆಟ್ ಬೇಗ ಒಣಗುತ್ತದೆ. ಉಗುರುಬೆಚ್ಚಗಿದ್ದರೆ ಮಾರನೆಯ ದಿನ ಹಾಲ್ ತುಂಬ ಒದ್ದೆ ನಾಯಿಯ ವಾಸನೆ.

ಹಬ್ಬದ ನಂತರ ಬರುತ್ತಿದ್ದುದು ಉಗುರುಬೆಚ್ಚಗಿನ ನೀರೇ. ಯಲಹಂಕದ ಕಲ್ಯಾಣಮಂಟಪದಲ್ಲಿ ಬೀಗರ ಸಾಕ್ಸ್ ಒದ್ದೆಯಾಗಿ ದೊಡ್ಡ ರಾದ್ಧಾಂತವಾಯಿತು. ಅಲ್ಲಿನ ಮ್ಯಾನೇಜರ್ ಗದಗದ ಕಡೆಯವರು, ಎತ್ತಿದ ದನಿಯಲ್ಲಿ ಮಾತಾಡುವವರಲ್ಲ. "ಅಮ್ಮಾರ, ಭಾನುವಾರ ಇನ್ನೊಂದ್ ಸಲ ಬರ್ರಿ. ಅವತ್ತೂ ಹಸಿ ಉಳೀತಂದ್ರ ನಾ ಬ್ಯಾರೆಯವರನ್ನ ಕರೀಬೇಕಾಗ್ತದ, ಬೇಜಾರ್ ಮಾಡ್ಕೋಬ್ಯಾಡ್ರಿ," ಎಂದಿದ್ದರು. ಅದು ಚಿಕ್ಕಮ್ಮನಿಗೆ ಸಿಕ್ಕ ಮೊದಲ ಮಂಟಪ. ಉಳಿದ ಮಂಟಪಗಳೆಲ್ಲ ಆ ಮ್ಯಾನೇಜರರ ಮಾತಿನ ಮೇಲೆ ಬಂದವು. ಅದು ಕೈತಪ್ಪಿದರೆ ಉಳಿದವೂ ತಪ್ಪುತ್ತವೆ. ಅಷ್ಟು ಹೊತ್ತಿಗೆ ಚಿಕ್ಕಮ್ಮ ಊಟದ ಮಧ್ಯೆ ಕೈ ನಿಲ್ಲಿಸಿ ಗೋಡೆ ನೋಡುವುದನ್ನು ಶುರುಮಾಡಿದ್ದರು.

ಶನಿವಾರ ಬೆಳಿಗ್ಗೆ ಚಿಕ್ಕಪ್ಪ ತಮ್ಮ ವಾದ ಮಂಡಿಸಿದರು. "ಬೋರ್ ನೀರು ಕಣೇ. ಪೆಟ್ಟಿಗೆ ಒಳಗೆ ಉಪ್ಪು ಕಟ್ಟಿರುತ್ತೆ. ನಮ್ಮನೆ ಗೀಸರ್ ಹೋಗಿದ್ದೂ ಅದಕ್ಕೇ."

ವಾದದಲ್ಲಿ ಹುರುಳಿತ್ತು. ಉಪ್ಪು ಕರಗಿಸುವ ದ್ರಾವಣ ಹಾಕಿ ಯಂತ್ರವನ್ನು ತೊಳೆದೆವು. ಒಂದಿಷ್ಟು ಬಿಳಿ ಪುಡಿ ಬಂತು. ನೀರು ಮಾತ್ರ ಮೊದಲಿನ ಹಾಗೇ.

"ಹಾಗಾದ್ರೆ ಪೈಪು. ನೆಲದ ತಂಡಿಗೆ ಬಿಸಿ ಹೀರ್ಕೊಳ್ತಾ ಇದೆ," ಎಂದರು ಚಿಕ್ಕಪ್ಪ.

"ಸಾಕ್ಷಿ?"

"ನಿನ್ ತಲೆ!"

ಕೇಕ್ ಮಾಡುವ ಹುಚ್ಚು ಹಿಡಿದಿದ್ದಾಗ ನಾನು ಕೊಂಡಿದ್ದ ಅಡುಗೆ ಥರ್ಮಾಮೀಟರನ್ನು ತಂದೆ. ಯಂತ್ರದಿಂದ ಹೊರಬರುವ ಕಡೆ ಒಮ್ಮೆ, ಪೈಪಿನ ತುದಿಯಲ್ಲಿ ಒಮ್ಮೆ ನೀರು ಹಿಡಿದು ನೋಡಿದೆ. ಹೆಚ್ಚೇನೂ ವ್ಯತ್ಯಾಸವಿರಲಿಲ್ಲ. ಅಂದರೆ ನೀರು ದಾರಿಯಲ್ಲಿ ತಣ್ಣಗಾಗುತ್ತಿಲ್ಲ, ಹೊರಡುವಾಗಲೇ ಉಗುರುಬೆಚ್ಚಗಿದೆ. ನೀರೇ ಜಾಸ್ತಿ ಹರಿದು ಕಾಯಲು ಪುರಸೊತ್ತಿಲ್ಲವೇನೋ ಎಂದು ಬಕೆಟ್ ಹಿಡಿದೆವು. ಅದು ಎಂದಿನ ವೇಗದಲ್ಲೇ ತುಂಬಿತು. ಪೈಪೂ ನಿರಪರಾಧಿ, ಪಂಪೂ ನಿರಪರಾಧಿ.

"ಉಳಿದಿರೋದು ಕಣ್ಣೊಂದೇ," ಎಂದು ಶೆಡ್ಡಿನ ಬಾಗಿಲಿನಿಂದ ಚಿಕ್ಕಮ್ಮ ನೆನಪಿಸಿದರು.

ನಾನು ವ್ಯಾನ್ ಹತ್ತಿ ಚಿಕ್ಕಪ್ಪನ ಸೀಟಿನಲ್ಲಿ ಕೂತೆ. ಎಂಜಿನ್ ಓಡುತ್ತಲೇ ಇತ್ತು. ಸ್ವಲ್ಪ ಹೊತ್ತಿಗೇ ಕುತ್ತಿಗೆಯಲ್ಲಿ ಬೆವರಿಳಿಯಿತು. ಮುಂದೆ, ಡ್ಯಾಶ್‌ಬೋರ್ಡಿನ ಗಣಪತಿಯ ಪಕ್ಕದಲ್ಲಿ, ಪುಟ್ಟ ಹೊಸ ಫ್ಯಾನೊಂದು ತಲೆ ಅಲ್ಲಾಡಿಸುತ್ತಿತ್ತು.

"ಚಿಕ್ಕಪ್ಪಾ, ಈ ಫ್ಯಾನ್ ಯಾವಾಗಿಂದ?"

"ಹಬ್ಬ ಆದ್ಮೇಲೆ ಹಾಕಿಸ್ದೆ. ಹೆಬ್ಬಾಳ ಫ್ಲೈಓವರ್ ಮೇಲೆ ಜಾಮ್‌ನಲ್ಲಿ ನಿಂತ್ರೆ ಇಡ್ಲಿ ಥರ ಬೇಯ್ತೀನಿ."

"ಬೆಂಗಳೂರೆಲ್ಲ ಸ್ವೆಟರ್ ಹಾಕ್ಕೊಂಡು ಓಡಾಡ್ತಿದೆ. ನೀವೊಬ್ರೇ ಯಾಕೆ ಬೇಯ್ತೀರಾ?"

ಕೇಳುತ್ತಲೇ ನನಗೆ ಹೊಳೆಯಿತು. ಬಿಸಿ ಕಳೆದುಹೋಗಿರಲಿಲ್ಲ, ನೀರಿಗೆ ಸೇರಬೇಕಾದದ್ದು ಚಿಕ್ಕಪ್ಪನ ಬೆನ್ನಿಗೆ ಸೇರುತ್ತಿತ್ತು. ನಾನು ಸೀಟಿನ ಹಿಂದೆ ಬಗ್ಗಿ ನೋಡಿದೆ. ಹೊಗೆಯ ಕೊಳವೆ ಮದುವೆಗೆ ಹೊರಟಂತೆ ಬೆಳ್ಳಿಯ ಬಣ್ಣದಲ್ಲಿ ಮಿಂಚುತ್ತಿತ್ತು. ಒಂದು ತುದಿಯಲ್ಲಿ ಅರಿಶಿನ ಕುಂಕುಮದ ಬೊಟ್ಟು ಸುಟ್ಟು ಕಪ್ಪಾಗಿತ್ತು.

"ಇದಕ್ಕೇನು ಮಾಡಿದ್ರಿ?"

"ಪೂಜೆಗೆ ಅಂತ ಪೇಂಟ್ ಹೊಡ್ದೆ. ಅದರ ಮೇಲೆ ಯಾವುದೋ ಕರೀ ಪಟ್ಟಿ ಸುತ್ತಿತ್ತು, ಬರೀ ಜಿಡ್ಡು. ಮಂಗಳಾರತಿ ಎತ್ತೋವಾಗ ಆ ಚಿಂದಿ ಇಟ್ಕೊಂಡು..." ಎನ್ನುತ್ತಿದ್ದಂತೆ ಅವರ ದನಿ ಇಳಿಯಿತು. "ಅಯ್ಯೋ."

ವ್ಯಾನನ್ನು ನಮಗೆ ಮಾರಿದ ಹಳೆಯ ಮಾಲೀಕರು ಕೊಳವೆಯ ಬಿಸಿ ಸೋರದಿರಲೆಂದು ಸುತ್ತಿಸಿದ್ದ ಪಟ್ಟಿ ಅದು. ದೇವರ ಮುಂದೆ ಯಂತ್ರ ಚೊಕ್ಕವಾಗಿ ಕಾಣಲೆಂದು ಚಿಕ್ಕಪ್ಪ ಅದನ್ನು ಬಿಚ್ಚಿಹಾಕಿದ್ದರು.

ಚಿಕ್ಕಮ್ಮ ಸೆರಗು ಸಿಕ್ಕಿಸಿಕೊಂಡು ಹತ್ತಿರ ಬಂದರು. "ಏನಮ್ಮಾ ಲಾಯರಮ್ಮ? ಪೂಜೆಗೂ ಇದಕ್ಕೂ ಸಂಬಂಧ ಇಲ್ಲ ಅಂದ್ಯಾ?"

"ನೀವು ಕಣ್ಣು ಅಂದ್ರಿ. ಕಾರಣ ತಪ್ಪು."

"ದಿನ ಸರಿಯಿತ್ತಲ್ಲ? ಕಣ್ಣನ್ನ ಬಿಸಾಕೋವಾಗ ನೀನು ಆ ದಿನದ ಮಾತನ್ನೂ ಬಿಸಾಕ್ದೆ. ಅವತ್ತು ಏನೇನ್ ಮಾಡಿದ್ರಿ ಅಂತ ಒಂದ್ ಮಾತು ಕೇಳಿದ್ರೆ ಬೆಳಿಗ್ಗೆನೇ ಮುಗೀತಿತ್ತು."

ಯಾವ ವೇದಿಕೆಯ ಮೇಲೂ ನನಗೆ ಇಷ್ಟು ಅಚ್ಚುಕಟ್ಟಾಗಿ ಯಾರೂ ಏಟು ಕೊಟ್ಟಿರಲಿಲ್ಲ. ಕೈಯೆತ್ತಿ ಒಪ್ಪಿಕೊಂಡೆ. ಆಮೇಲೆ ಚಿಕ್ಕಮ್ಮ ಶೆಡ್ಡಿನ ಮೂಲೆಯ ಗೋಣಿಚೀಲದಿಂದ ಆ ಕರೀ ಪಟ್ಟಿಯನ್ನೇ ಎಳೆದು ತೆಗೆದರು. ಅವರ ಮನೆಯಲ್ಲಿ ಎಸೆದದ್ದು ಯಾವುದೂ ಹೊರಗೆ ಹೋಗುವುದಿಲ್ಲ. ಕೊಳವೆ ಆರಿದ ಮೇಲೆ ಚಿಕ್ಕಪ್ಪ ಗ್ಲೌಸ್ ಹಾಕಿಕೊಂಡು ಬಿಗಿಯಾಗಿ ಸುತ್ತಿದರು, ನಾನು ಕ್ಲಿಪ್ಪಿನ ಸ್ಕ್ರೂ ತಿರುಗಿಸಿ ಬಿಗಿದೆ. ಮತ್ತೆ ಯಂತ್ರ ಓಡಿಸಿದಾಗ ಬಕೆಟ್ಟಿಗೆ ಬೆರಳದ್ದಿ ಕಿರುಚಿದವರು ಚಿಕ್ಕಮ್ಮ. ಸಂತೋಷಕ್ಕೆ.

ಭಾನುವಾರ ಬೆಳಿಗ್ಗೆ ಮಂಟಪದ ಕಾರ್ಪೆಟ್ ತೊಳೆದೆವು. ಸಂಜೆ ಆರತಕ್ಷತೆಗೆ ಹೂವಿನವರು ಬರುವ ಮುಂಚೆ ಮ್ಯಾನೇಜರ್ ಬಂದು, ಚಪ್ಪಲಿ ಕಳಚಿ, ಬಾಗಿಲಿನಿಂದ ವೇದಿಕೆಯವರೆಗೆ ಬರಿಗಾಲಲ್ಲಿ ನಡೆದರು. ನಡುವೆ ನಿಂತು ಹಿಮ್ಮಡಿ ಒತ್ತಿದರು. ಚಿಕ್ಕಮ್ಮ ನನ್ನ ಮಣಿಕಟ್ಟು ಹಿಡಿದಿದ್ದರು.

"ಒಣಗೇತ್ರಿ," ಎಂದರು ಮ್ಯಾನೇಜರ್. "ಮುಂದಿನ ವಾರಾನೂ ಬರ್ರಿ. ಇವತ್ತ ಊಟ ಮಾಡ್ಕೊಂಡ ಹೋಗ್ರಿ."

ಚಿಕ್ಕಮ್ಮ ಮಣಿಕಟ್ಟು ಬಿಟ್ಟವರೇ ನೇರ ವ್ಯಾನಿಗೆ ಹೋಗಿ ನಿಂಬೆಹಣ್ಣು ಮೆಣಸಿನಕಾಯಿ ಕಟ್ಟತೊಡಗಿದರು.

"ಚಿಕ್ಕಮ್ಮಾ, ಕಾರಣ ಗೊತ್ತಾಯ್ತಲ್ಲ! ಇದ್ಯಾಕೆ ಮತ್ತೆ?"

"ಇಷ್ಟು ಚೆನ್ನಾಗಿ ತೊಳೆದಿದೀವಿ. ಈಗ ಬೀಳುತ್ತೆ ನೋಡು ಕಣ್ಣು," ಎಂದು ದಾರ ಕಚ್ಚಿ ಗಂಟು ಹಾಕಿದರು. ನಾನು ಪ್ರತಿವಾದಕ್ಕೆ ಬಾಯಿ ತೆರೆಯುವಷ್ಟರಲ್ಲಿ ಒಳಗಿನಿಂದ ಒಗ್ಗರಣೆಯ ವಾಸನೆ ಬಂತು. ಚಿಕ್ಕಪ್ಪ ಆಗಲೇ ಎಲೆಯ ಮುಂದೆ ಕೂತಿದ್ದರು.