ಆಯಿಯ ಕಾಲಿಗೆ ಕಂಡ ದಾರಿ

ಇದು ನಡೆದದ್ದು ಮೂರು ವರ್ಷಗಳ ಹಿಂದೆ, ದಸರಾ ರಜೆ ಮುಗಿದು ಶಾಲೆ ಮತ್ತೆ ಶುರುವಾದ ದಿನಗಳಲ್ಲಿ. ಆಗ ನಾನು ಶಹಾಬಾದಿನ ಹತ್ತಿರದ ಒಂದು ಊರಿನ ಸರ್ಕಾರಿ ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುತ್ತಿದ್ದೆ. ಮನೆ ಚಿತ್ತಾಪುರದಲ್ಲಿ. ಬೆಳಿಗ್ಗೆ ಪ್ಯಾಸೆಂಜರ್ ರೈಲು, ಇಳಿದ ಮೇಲೆ ಆಟೊ.

ಆ ವರ್ಷ ಯಾರೋ ದಾನಿಗಳು ನಮ್ಮ ಶಾಲೆಗೆ ಕೆಲವು ಟ್ಯಾಬ್ಲೆಟ್‌ಗಳನ್ನು ಕೊಟ್ಟಿದ್ದರು. ಮಕ್ಕಳು ಒಡೆದುಬಿಟ್ಟಾರೆಂಬ ಭಯಕ್ಕೆ ಅವು ಕಪಾಟಿನಲ್ಲೇ ಇದ್ದವು. ರಜೆಯಲ್ಲಿ ಕಲಬುರಗಿಯಲ್ಲಿ ನಮಗೊಂದು ತರಬೇತಿ ಆಯಿತು. ಅಲ್ಲಿ ಹೇಳಿಕೊಟ್ಟದ್ದು ಇಷ್ಟು: ಮಕ್ಕಳು ಯಾರದಾದರೂ ಒಂದು ತೊಂದರೆಯನ್ನು ಹುಡುಕಲಿ, ಅವರನ್ನೇ ಕೇಳಲಿ, ಪರಿಹಾರವನ್ನು ಟ್ಯಾಬ್ಲೆಟ್‌ನಲ್ಲಿ ಚಿತ್ರ ಬಿಡಿಸಿ ನೋಡಲಿ, ಕೈಯಿಂದ ಮಾಡಲಿ, ತಪ್ಪಿದರೆ ತಿದ್ದಲಿ. ಕೇಳಲು ಚೆನ್ನಾಗಿತ್ತು. ನಮ್ಮ ಶಾಲೆಯಲ್ಲಿ ಇದು ನಡೆದೀತೇ ಎಂಬ ಅನುಮಾನವೂ ಇತ್ತು, ನೋಡೇಬಿಡೋಣ ಎಂಬ ಕುತೂಹಲವೂ ಇತ್ತು.

ಮುಖ್ಯ ಗುರುಗಳನ್ನು ಒಪ್ಪಿಸಿ ಒಂಬತ್ತನೇ ತರಗತಿಗೆ ಟ್ಯಾಬ್ಲೆಟ್ ಕೊಟ್ಟೆ. ಮೊದಲ ದಿನ ಮಕ್ಕಳು ಹಾರುವ ಬಸ್ಸು ಬಿಡಿಸಿದರು, ರೊಟ್ಟಿ ಬಡಿಯುವ ರೋಬೊ ಬಿಡಿಸಿದರು. ಬಣ್ಣಗಳಂತೂ ಕಣ್ಣು ಕೋರೈಸುವಂತಿದ್ದವು. "ಇದು ಯಾರ ತೊಂದರೆಗೆ ಮಾಡಿದ್ದು?" ಎಂದು ಕೇಳಿದೆ. ಒಬ್ಬರ ಮುಖ ಒಬ್ಬರು ನೋಡಿದರು. "ನಾಳೆ ಯಾರಾದರೂ ಒಬ್ಬರನ್ನು ಹುಡುಕಿ, ಅವರ ತ್ರಾಸ ಕೇಳಿಕೊಂಡು ಬರ್ರಿ" ಎಂದೆ.

ಮರುದಿನ ಅಂಬಿಕಾ ಬಂದಿರಲಿಲ್ಲ. ರಜೆ ಮುಗಿದಾಗಿನಿಂದ ಅವಳು ಆಗಾಗ ತಪ್ಪಿಸುತ್ತಿದ್ದಳು. ಅವಳ ಗೆಳತಿ ಸಾನಿಯಾ ಎದ್ದು ನಿಂತು, "ಟೀಚರ್, ಅಂಬಿಕಾ ಇನ್ನ ಸಾಲಿಗಿ ಬರಲ್ಲಂತ್ರಿ" ಎಂದಳು.

"ಯಾಕ?"

"ಅವರ ಆಯಿಗಿ ಕಣ್ಣ ಪೂರಾ ಹೋಗ್ಯಾವ್ರಿ. ಅಂಗಳದಾಗ ಬಿದ್ದಳಂತ. ಅವ್ವ ಅಪ್ಪ ಇಬ್ಬರೂ ಕೆಲಸಕ್ಕ ಹೋಗತಾರ. ಆಯಿನ ಕೈ ಹಿಡ್ದು ಪಾಯಖಾನಿಗಿ ಒಯ್ಯಾಕ ಮನ್ಯಾಗ ಯಾರೂ ಇಲ್ಲ." ಆಮೇಲೆ ಅವಳೇ ಕೇಳಿದಳು: "ಟೀಚರ್, ನಮ್ಮ ಗುಂಪಿಗಿ ಇದೇ ತ್ರಾಸ ತಗೋಲೇನ್ರಿ?"

ಅಂದು ಸಂಜೆಯೇ ಸಾನಿಯಾ ಮತ್ತು ಇನ್ನಿಬ್ಬರು ಹುಡುಗಿಯರ ಜೊತೆ ಅಂಬಿಕಾಳ ಮನೆಗೆ ಹೋದೆ. ಆಯಿ, ಅಂದರೆ ಅಂಬಿಕಾಳ ಅಜ್ಜಿ, ಹೊಸ್ತಿಲ ಬಳಿ ಕೂತಿದ್ದರು. ಕಣ್ಣಿನ ನರ ಒಣಗಿದೆ, ದೃಷ್ಟಿ ಮರಳುವುದಿಲ್ಲ ಎಂದು ಡಾಕ್ಟರು ಹೇಳಿಬಿಟ್ಟಿದ್ದರಂತೆ. ಬಾಗಿಲಿನಿಂದ ಪಾಯಖಾನೆಗೆ ಹೋಗಬೇಕೆಂದರೆ ಅಂಗಳ ದಾಟಿ, ನೀರಿನ ತೊಟ್ಟಿಯ ಹತ್ತಿರ ಎಡಕ್ಕೆ ತಿರುಗಬೇಕು. ಆಯಿಯ ಮಗ, ಅಂಬಿಕಾಳ ಅಪ್ಪ ಭೀಮಶಾ, ಮೊದಲು ಹಗ್ಗ ಕಟ್ಟಿದ್ದರು. ಆಯಿ ಜೋಲಿ ತಪ್ಪಿ ಹಗ್ಗ ಹಿಡಿದಾಗ ಅದೂ ಜೋಲಿ ಹೊಡೆದು, ಬಿದ್ದದ್ದೇ ಹಾಗೆ.

ಹುಡುಗಿಯರು ಅಲ್ಲೇ ಕೂತು ಟ್ಯಾಬ್ಲೆಟ್‌ನಲ್ಲಿ ಒಂದು ಕೋಲು ಬಿಡಿಸಿದರು. ಗೋಡೆ ಹತ್ತಿರ ಬಂದರೆ ಸದ್ದು ಮಾಡುವ ಕೋಲು. ಸಾನಿಯಾ ಹುರುಪಿನಿಂದ ಅದನ್ನು ಆಯಿಗೆ ವಿವರಿಸಿದಳು. ಆಯಿ ಬಾಯಿಗೆ ಸೆರಗು ಹಿಡಿದು ನಕ್ಕರು.

"ಯವ್ವಾ, ಒಂದ್ ಕೈಯಾಗ ನೀರಿನ ಚರಗಿ, ಇನ್ನೊಂದ್ ಕೈಯಾಗ ಸೀರಿ ನಿರಿಗಿ. ಕೋಲ ಹಿಡಿಯಾಕ ಮೂರನೇ ಕೈ ಎಲ್ಲಿಂದ ತರ್ಲಿ?"

ಹುಡುಗಿಯರು ಪೆಚ್ಚಾದರು. ತರಬೇತಿಯಲ್ಲಿ ಹೇಳಿದ್ದು ನೆನಪಾಗಿ, "ಮೊದಲು ಆಯಿ ಹೇಗೆ ನಡೆಯುತ್ತಾರೆ ನೋಡೋಣ, ವಿಡಿಯೊ ತೆಗೀರಿ" ಎಂದೆ. ಆಯಿ ಒಪ್ಪಿದರು. ಅಂಬಿಕಾ ಪಕ್ಕದಲ್ಲೇ ಕೈ ಚಾಚಿಕೊಂಡು ನಡೆದಳು, ಸಾನಿಯಾ ವಿಡಿಯೊ ತೆಗೆದಳು. ಆಮೇಲೆ ಕಟ್ಟೆಯ ಮೇಲೆ ಕೂತು ಅದನ್ನು ನಿಧಾನಗತಿಯಲ್ಲಿ ಹಾಕಿ ನೋಡಿದೆವು.

ನಾವೆಲ್ಲ ಆಯಿಯ ಕೈಗಳನ್ನೇ ನೋಡುತ್ತಿದ್ದೆವು. ಅಂಬಿಕಾ ಮಾತ್ರ ಪರದೆಗೆ ಬೆರಳು ಒತ್ತಿ, "ತಡೀರಿ, ತಡೀರಿ. ಇಲ್ಲಿ ಕಾಲ ನೋಡ್ರಿ" ಎಂದಳು. ಹೊಸ್ತಿಲು ದಾಟುವಾಗ ಆಯಿಯ ಬಲಗಾಲಿನ ಬೆರಳುಗಳು ನೆಲವನ್ನು ಮೆಲ್ಲಗೆ ಉಜ್ಜುತ್ತಿದ್ದವು. ಕಲ್ಲು ಮುಗಿದು ಮಣ್ಣು ಬರುವಲ್ಲಿ ಪಾದ ಒಂದು ಕ್ಷಣ ನಿಂತು, ಆಮೇಲೆ ಮುಂದೆ ಹೋಗುತ್ತಿತ್ತು. ಮಣ್ಣಿನ ಅಂಗಳಕ್ಕೆ ಬಂದ ಮೇಲೆ ಬೆರಳು ಅತ್ತ ಇತ್ತ ತಡಕಾಡುತ್ತಿದ್ದವು.

"ಆಯಿ ಕಾಲಿಲೆ ನೋಡ್ಲಿಕತ್ತಾಳ್ರಿ ಟೀಚರ್!" ಅಂಬಿಕಾ ಕೂಗಿಯೇಬಿಟ್ಟಳು.

ಒಳಗಿನಿಂದ ಆಯಿ, "ಏನ್ ಕಾಣ್ಲಿಕತ್ತದವ್ವ ಅದ್ರಾಗ? ನನಗೂ ಹೇಳ್ರಿ" ಎಂದರು.

ಅಲ್ಲಿಂದ ಹುಡುಗಿಯರನ್ನು ಹಿಡಿಯುವವರೇ ಇರಲಿಲ್ಲ. ಅಂಗಳದ ಫೋಟೊ ತೆಗೆದು, ಅದರ ಮೇಲೆಯೇ ಬೆರಳಿನಿಂದ ಕಲ್ಲಿನ ಸಾಲು ಬಿಡಿಸಿದರು, ಅಳಿಸಿದರು, ಮತ್ತೆ ಬಿಡಿಸಿದರು. ಭೀಮಶಾ ಕೆಲಸ ಮಾಡುತ್ತಿದ್ದದ್ದು ಫರಸಿ ಕಲ್ಲಿಗೆ ಪಾಲಿಶ್ ಮಾಡುವ ಜಾಗದಲ್ಲಿ. ಶಹಾಬಾದ ಕಲ್ಲಿಗೆ ನಮ್ಮ ಕಡೆ ಫರಸಿ ಎನ್ನುತ್ತಾರೆ. ಅಂಚು ಒಡೆದು ಬಿಸಾಡಿದ ತುಂಡುಗಳನ್ನು ಅವರು ಮಾಲೀಕರನ್ನು ಕೇಳಿ ತಂದರು. ತಿರುವಿನ ನೀರಿನ ತೊಟ್ಟಿಗೆ ಆಯಿ ಬಿದ್ದ ದಿನವೇ ಚಪ್ಪಡಿ ಮುಚ್ಚಿದ್ದರಂತೆ, ಆ ಭಯವಿರಲಿಲ್ಲ. ಭಾನುವಾರ ಎಲ್ಲರೂ ಸೇರಿ ಬಾಗಿಲಿನಿಂದ ಪಾಯಖಾನೆಯವರೆಗೆ ನುಣುಪಾದ ಕಲ್ಲುಗಳನ್ನು ಹಾಸಿದೆವು. ಮಣ್ಣಿನ ನಡುವೆ ನುಣುಪು ಕಲ್ಲು ಕಾಲಿಗೆ ಚೆನ್ನಾಗಿ ಗೊತ್ತಾಗುತ್ತದೆ ಎಂಬುದು ನಮ್ಮ ಲೆಕ್ಕ. ನೋಡಲೂ ಚಂದವಿತ್ತು.

ಆಯಿ ಹೋಗುವಾಗ ಸಲೀಸಾಗಿ ಹೋದರು. ಬರುವಾಗ ಪಾದ ಒದ್ದೆಯಾಗಿತ್ತು. ತಿರುವಿನಲ್ಲಿ ಕಾಲು ಸರ್ರನೆ ಜಾರಿತು. ನಾನು ಪಕ್ಕದಲ್ಲೇ ಇದ್ದೆ, ಅಷ್ಟೇ ಪುಣ್ಯ. ತೋಳು ಹಿಡಿದುಕೊಂಡೆ. ಅವರ ಭಾರಕ್ಕೆ ಇಬ್ಬರೂ ನೆಲಕ್ಕೆ ಕುಸಿದು ಕೂತೆವು. ಪೆಟ್ಟೇನೂ ಆಗಲಿಲ್ಲ.

ಭೀಮಶಾ ತಾಯಿಯನ್ನು ಎತ್ತಿ ಕೂರಿಸಿ, ನನ್ನ ಕಡೆ ನೋಡದೆಯೇ ಹೇಳಿದರು: "ಸಾಕ್ ಮಾಡ್ರಿ ಟೀಚರ್. ಮಕ್ಕಳ ಆಟದಾಗ ನಮ್ಮವ್ವನ ಸೊಂಟ ಮುರೀತದ. ಅಂಬಿಕಾ ಮನ್ಯಾಗ ಇರ್ತಾಳ, ನೋಡ್ಕೋತಾಳ."

ಅವರ ಮಾತು ತಪ್ಪಾಗಿರಲಿಲ್ಲ. ಅಂಬಿಕಾ ಗೋಡೆಗೆ ಮುಖ ಮಾಡಿ ನಿಂತಿದ್ದಳು. ಹೊರಡಲೆಂದು ಚಪ್ಪಲಿ ಹುಡುಕುತ್ತಿದ್ದೆ. ಅಷ್ಟರಲ್ಲಿ ಸಾನಿಯಾ ಮೊಣಕಾಲೂರಿ ಕೂತು, ಒಂದು ಕಲ್ಲಿನ ಅಂಚಿನ ಕೆಳಗೆ ಬೆರಳು ತೂರಿಸಿದಳು.

"ಕಾಕಾ, ಇದರ ಕೆಳಗಿನ ಬಾಜು ಖರಬರ ಅದ. ಹೊಳ್ಳಿಸಿ ಹಾಕಿದ್ರ ಹ್ಯಾಂಗ್ರಿ?"

ಭೀಮಶಾ ತಾಯಿಯ ಪಾದ ಒರೆಸುತ್ತಲೇ ಇದ್ದರು. ಆಯಿಯೇ ಕೂತಲ್ಲಿಂದ, "ಆ ಹುಡುಗಿ ಕೇಳ್ಲಿಕತ್ತಾಳಲ್ಲೋ, ಬಾಯಿ ಇಲ್ಲೇನು ನಿನಗ?" ಎಂದು ಮಗನನ್ನು ಗದರಿದರು. ಭೀಮಶಾ ಒಲ್ಲದ ಮನಸ್ಸಿನಿಂದ ಒಂದು ಕಲ್ಲನ್ನು ಮಗುಚಿ, ಪಾಲಿಶ್ ಆಗದ ಒರಟು ಬದಿಯನ್ನು ಮೇಲೆ ಮಾಡಿದರು. ಅದರ ಮೇಲೆ ನೀರು ಸುರಿದು, ಬರಿಗಾಲಿನಲ್ಲಿ ನಿಂತು ಒತ್ತಿ ನೋಡಿದರು. ಇನ್ನೊಮ್ಮೆ ನೋಡಿದರು. ಆಮೇಲೆ ಒಳಗೆ ಹೋಗಿ ಉಳಿ, ಸುತ್ತಿಗೆ ತಂದರು.

ಅಂದು ಮಧ್ಯಾಹ್ನವಿಡೀ ಕೆಲಸ ನಡೆಯಿತು. ಕಲ್ಲುಗಳೆಲ್ಲ ಮಗುಚಿಕೊಂಡವು. ತಿರುವು ತಿಳಿಯುವುದು ಹೇಗೆ ಎಂದು ಹುಡುಗಿಯರಲ್ಲಿ ದೊಡ್ಡ ಚರ್ಚೆಯಾಗಿ, ಕೊನೆಗೆ ಅಂಬಿಕಾ ಟ್ಯಾಬ್ಲೆಟ್‌ನಲ್ಲಿ ತಿರುವಿನ ಕಲ್ಲಿಗೆ ಅಡ್ಡಗೆರೆಗಳನ್ನು ಎಳೆದಳು. ಅವಳಪ್ಪ ಅದೇ ಗೆರೆಗಳನ್ನು ಉಳಿಯಿಂದ ಕಲ್ಲಿನಲ್ಲಿ ಮೂಡಿಸಿದರು. "ಈ ಸಲ ಮೊದಲು ನಾವು ನಡೀಬೇಕು" ಎಂದಳು ಅಂಬಿಕಾ. ಎಲ್ಲರೂ ವೇಲಿನಿಂದ ಕಣ್ಣು ಕಟ್ಟಿಕೊಂಡು, ಒದ್ದೆ ಕಾಲಿನಲ್ಲಿ ಸರದಿಯಂತೆ ನಡೆದರು. ನನ್ನ ಸರದಿಯೂ ಬಂತು. ಮೊದಲ ಹೆಜ್ಜೆ ಇಡಲು ಭಯವಾಯಿತು. ಆದರೆ ಪಾದದ ಕೆಳಗೆ ಆ ಗೆರೆಗಳು ಸಿಕ್ಕಾಗ ಯಾರೋ ಕಿವಿಯಲ್ಲಿ 'ಇಲ್ಲಿ ತಿರುಗು' ಎಂದ ಹಾಗಾಯಿತು. ತಿರುಗಿದೆ. ಕೈಗೆ ಬಾಗಿಲು ತಾಗಿತು.

ಆಮೇಲೆ ಆಯಿ ಎದ್ದರು. ಚರಗಿ ಹಿಡಿದರು. ಅಂಬಿಕಾ ಕೈ ಕೊಡಲು ಹೋದರೆ, "ಆಕಡಿ ಸರಿ" ಎಂದರು. ಹಿಂದೆಯೇ ಭೀಮಶಾ ಕೈ ಚಾಚಿಕೊಂಡು ನಡೆದರು. ಆಯಿ ಒಂದೊಂದೇ ಹೆಜ್ಜೆ ಇಟ್ಟು ಹೋದರು. ತಿರುವಿನಲ್ಲಿ ನಿಂತರು. ಬೆರಳುಗಳು ಗೆರೆಗಳ ಮೇಲೆ ಆಡಿದವು. ಮುಖದಲ್ಲಿ ಸಣ್ಣ ನಗು ಮೂಡಿತು. ಎಡಕ್ಕೆ ತಿರುಗಿ, ಬಾಗಿಲು ಮುಟ್ಟಿ, ಒಳಗೆ ಹೋಗಿ, ಚಿಲಕ ಹಾಕಿಕೊಂಡರು. ಅಷ್ಟು ದಿನ ಆ ಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿದವರಲ್ಲ, ಹೊರಗೆ ಯಾರಾದರೂ ಕಾಯುತ್ತಲೇ ಇರಬೇಕಿತ್ತು.

ನಾವೆಲ್ಲ ಬಾಗಿಲ ಹೊರಗೇ ನಿಂತಿದ್ದೆವು. ಒಳಗಿನಿಂದ ಆಯಿಯ ದನಿ ಬಂತು: "ಎಲ್ಲರೂ ಅಲ್ಲೇ ನಿಂತೀರೇನು? ಹೋಗ್ರಿ, ಹೋಗ್ರಿ! ಇನ್ನರ ನನ್ನ ಪಾಡಿಗಿ ನನ್ನ ಬಿಡ್ರಿ!"

ಮೊದಲು ನಕ್ಕವರು ಭೀಮಶಾ. ನಗುತ್ತಲೇ ಕಣ್ಣೊರೆಸಿಕೊಂಡರು. ಆಮೇಲೆ, ಒಳಗಿನಿಂದ ಚಿಲಕ ತೆಗೆದು ತಾವಾಗಿಯೇ ವಾಪಸು ಬಂದ ತಾಯಿಯನ್ನು ನೋಡಿ ನನಗೆ ಹೇಳಿದರು: "ನಾಳಿಂದ ಅಂಬಿಕಾಗ ಕಳಸ್ತೀನ್ರಿ, ಟೀಚರ್."

ಕಳಿಸಿದರು ಕೂಡ. ಮಧ್ಯಾಹ್ನ ಒಂದು ಸಲ ಪಕ್ಕದ ಮನೆಯವರು ಆಯಿಯನ್ನು ಮಾತಾಡಿಸಿ ಬರುತ್ತಿದ್ದರು. ಅಂಬಿಕಾ ಹತ್ತನೇ ತರಗತಿ ಮುಗಿಸಿ ಈಗ ಚಿತ್ತಾಪುರದಲ್ಲಿ ಕಾಲೇಜಿಗೆ ಬರುತ್ತಾಳೆ. ನನಗೆ ಸೇಡಂ ಕಡೆಗೆ ವರ್ಗವಾಯಿತು.

ಪಾಠ ಮಾಡುವಾಗ ನಾನು ಕೇಳುವ ಪ್ರಶ್ನೆಗಳಿಗೆಲ್ಲ ಉತ್ತರ ನನಗೆ ಮೊದಲೇ ಗೊತ್ತಿರುತ್ತದೆ. ಆ ಅಂಗಳದಲ್ಲಿ ಉತ್ತರ ಯಾರಿಗೂ ಗೊತ್ತಿರಲಿಲ್ಲ. ನನಗಂತೂ ಇಲ್ಲವೇ ಇಲ್ಲ. ಹದಿನಾಲ್ಕರ ಹುಡುಗಿಯರ ನಡುವೆ ನಾನೂ ಅವರಷ್ಟೇ ಗೊತ್ತಿಲ್ಲದವಳಾಗಿ ಮಣ್ಣಿನಲ್ಲಿ ಕೂತಿದ್ದೆ. ಹಾಗೆ ಕೂರುವುದರಲ್ಲಿ ಎಷ್ಟು ಭಯವಿದೆಯೋ ಅಷ್ಟೇ ಸುಖವೂ ಇದೆ ಎಂದು ಆ ಭಾನುವಾರ ಗೊತ್ತಾಯಿತು. ಈಗ ಹೊಸ ಶಾಲೆಯಲ್ಲಿ ಯಾವುದಾದರೂ ಮಗು ನನಗೆ ಉತ್ತರ ತಿಳಿಯದ ಪ್ರಶ್ನೆ ಕೇಳಿದರೆ, ಕುರ್ಚಿ ಎಳೆದುಕೊಂಡು ಆ ಮಗುವಿನ ಪಕ್ಕದಲ್ಲೇ ಕೂರುತ್ತೇನೆ.